ಚಿನ್ನಪ್ಪನ ಪಾಲಿನ ಹಾಡು

ಹುದಿಕೇರಿ ಕಡೆಯ ಆ ಸಣ್ಣ ಚರ್ಚಿನಲ್ಲಿ ಒಂದು ವಾಡಿಕೆ ಇದೆ. ನವೆಂಬರ್ ತಿಂಗಳ ಕೊನೆಯ ಭಾನುವಾರ ಮೃತರ ಸ್ಮರಣೆ. ಆ ವರ್ಷ ಯಾರ ಮನೆಯಲ್ಲಿ ಸಾವಾಗಿದೆಯೋ ಆ ಮನೆಯವರು ಸತ್ತವರ ಹೆಸರಿನಲ್ಲಿ ಒಂದು ಹಾಡು ಆರಿಸಬೇಕು, ಸಭೆಯವರೆಲ್ಲ ಎದ್ದು ನಿಂತು ಅದನ್ನು ಹಾಡಬೇಕು. ಬದುಕಿದ್ದಾಗ ಯಾರಿಗೂ ಬೇಡವಾಗಿದ್ದವರಿಗೂ ಆ ದಿನ ಒಂದು ಹಾಡಿನ ಪಾಲು ತಪ್ಪುವುದಿಲ್ಲ. ಆರಿಸಿದ ಹಾಡನ್ನು ಒಪ್ಪಿ ಅದರ ನಂಬರನ್ನು ಗೋಡೆಯ ಹಲಗೆಗೆ ಏರಿಸುವ ಅಧಿಕಾರ ಮಾತ್ರ ಮೂವತ್ತೊಂದು ವರ್ಷದಿಂದ ಒಬ್ಬರದೇ. ಅವರು ಹಾರ್ಮೋನಿಯಂ ಬಾರಿಸುವ ರೈಟರ್ ಜಯಪ್ರಕಾಶ್.

ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸದಿಂದ ನಿವೃತ್ತರಾಗಿ ಆರು ವರ್ಷ ಕಳೆದರೂ ಊರಿನ ಬಾಯಲ್ಲಿ ಅವರು ಇನ್ನೂ ರೈಟ್ರೇ. ಬೆಳಿಗ್ಗೆ ಹಾಜರಿಯ ಚೆಕ್‌ರೋಲ್ ಹಿಡಿದು ಆಳುಗಳ ಹೆಸರು ಕೂಗುತ್ತಿದ್ದ ಗಂಟಲನ್ನೇ ಭಾನುವಾರ ದೇವರ ಮುಂದೆಯೂ ಬಿಡುತ್ತಿದ್ದರು. ಅವರ ಕಿವಿಯಂತೂ ಜಿಲ್ಲೆಗೇ ಪ್ರಸಿದ್ಧ. ಮೂರನೇ ಬೆಂಚಿನಲ್ಲಿ ಯಾರೋ ಒಬ್ಬಳು ಅರ್ಧ ಸ್ವರ ಇಳಿದರೆ ಸಾಕು, ಇವರು ಹಾಡಿನ ನಡುವೆಯೇ ಕತ್ತೆತ್ತಿ ಅವಳನ್ನು ಹುಡುಕುತ್ತಿದ್ದರು. ಆ ಪಾಪದವಳು ಮುಂದಿನ ಎರಡು ವಾರ ಬಾಯಿ ಆಡಿಸುವುದು ಮಾತ್ರ, ಸ್ವರ ಹೊರಡಿಸುತ್ತಿರಲಿಲ್ಲ.

ಆ ವರ್ಷ ಸಭೆಯಲ್ಲಿ ಮೂರು ಸಾವಾಗಿತ್ತು. ಅದರಲ್ಲಿ ಒಂದು ರೈಟರ್ ಮನೆಯಲ್ಲೇ. ಸೊಸೆ ತುಳಸಿಯ ಅಪ್ಪ ಚಿನ್ನಪ್ಪ, ಅದೇ ತೋಟದಲ್ಲಿ ಕಾವಲುಗಾರನಾಗಿದ್ದವನು, ಕೊನೆಯ ಎಂಟು ತಿಂಗಳು ಮಗಳ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದು ಜನವರಿಯಲ್ಲಿ ತೀರಿಕೊಂಡಿದ್ದ. ತುಳಸಿ ಆಶಾ ಕಾರ್ಯಕರ್ತೆ, ಹಗಲೆಲ್ಲ ಊರು ತಿರುಗುವ ಕೆಲಸ. ಹಾಗಾಗಿ ಮಧ್ಯಾಹ್ನದ ಗಂಜಿ ಕುಡಿಸಿ ಮಗ್ಗುಲು ಹೊರಳಿಸುತ್ತಿದ್ದವರು ಅತ್ತೆ ಯಮುನಮ್ಮ. ಜಯಪ್ರಕಾಶ್ ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು, "ಹೇಗಿದ್ದೀಯ ಚಿನ್ನಪ್ಪ?" ಎಂದು ಕೇಳಿ, ಉತ್ತರ ಬರುವ ಮೊದಲೇ ಹೊರಟುಬಿಡುತ್ತಿದ್ದರು.

ಸ್ಮರಣೆಯ ಭಾನುವಾರಕ್ಕೆ ನಾಲ್ಕು ವಾರ ಇರುವಾಗ, ಒಂದು ಸಂಜೆ ಊಟಕ್ಕೆ ಕೂತಲ್ಲಿ ಅವರು ಆ ವರ್ಷದ ಪಟ್ಟಿ ಓದಿದರು. ಅಕ್ಕಿ ರೊಟ್ಟಿ, ಮತ್ತಿಮೀನಿನ ಸಾರು. ಮಗ ಸಿದ್ಧಾರ್ಥ ಬಾಡಿಗೆ ಮುಗಿಸಿ ಪಿಕಪ್ ನಿಲ್ಲಿಸಿ ಆಗಷ್ಟೇ ಕೈ ತೊಳೆದು ಕೂತಿದ್ದ. ಮೊಮ್ಮಗಳು ಮೋನಿಷಾ, ಒಂಬತ್ತನೇ ಕ್ಲಾಸಿನವಳು, ಮೀನಿನ ಮುಳ್ಳು ಬಿಡಿಸುತ್ತಿದ್ದಳು.

"ಚಿನ್ನಪ್ಪನ ಹೆಸರಿಗೆ ನೂರ ಅರವತ್ತಮೂರು ಹಾಕಿದ್ದೇನೆ," ಎಂದರು ಜಯಪ್ರಕಾಶ್. "'ಬೆಳಗಿನ ತನಕ ಕಾವಲಿರುವಾತನೇ.' ಅವನಿಗೆ ಭಾರಿ ಇಷ್ಟದ ಹಾಡು. ಹಿಂದಿನ ಬೆಂಚಿಂದ ಎಂಥ ಗಂಟಲು ಬಿಡ್ತಿದ್ದ ಮಾರಾಯ! ಕಾವಲುಗಾರನಿಗೆ ತಕ್ಕ ಹಾಡು ಅಂದ್ರೆ ಅದು."

ಬೀಗನಾದ ಮೇಲೂ ಚಿನ್ನಪ್ಪ ಅವರ ಬಾಯಲ್ಲಿ 'ಅವನೇ' ಆಗಿದ್ದ. ತುಳಸಿ ಅದಕ್ಕೆ ಹೊಂದಿಕೊಂಡು ಹದಿನೈದು ವರ್ಷವಾಗಿತ್ತು. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಒಲೆಯ ಕಡೆಯಿಂದ ತಿರುಗಿದಳು.

"ಅದೇ ಹಾಡು ಮಾವ. ನಾನೂ ಅದನ್ನೇ ಹೇಳೋಣ ಅಂತಿದ್ದೆ. ಆದ್ರೆ ಅಪ್ಪ ಅದನ್ನ ಹಾಡ್ತಿದ್ದದ್ದು ತಮಿಳಲ್ಲಿ."

"ಎಂತ?"

"ಅಪ್ಪಂಗೆ ಕನ್ನಡ ಓದ್ಲಿಕ್ಕೆ ಬರ್ತಿರ್ಲಿಲ್ಲ. ರಾಗ ಎರಡಕ್ಕೂ ಒಂದೇ ಅಲ್ವಾ. ನೀವು ಬಾರಿಸ್ತಿದ್ರಿ, ಅವ್ರು ಅವ್ರ ಪದ ಹಾಡ್ತಿದ್ರು. ಸ್ಮರಣೆ ದಿನ ನಂಗೆ ಅದೇ ಬೇಕು. ತಮಿಳಲ್ಲಿ, ಐದು ಪದ್ಯ."

"ಐದೆಲ್ಲಿಂದ ಬಂತು? ಇರೋದೇ ಮೂರು."

"ಕನ್ನಡದಲ್ಲಿ ಮೂರು. ತಮಿಳಲ್ಲಿ ಐದು."

ಇದು ನಿಜ. ಹಿಂದಿನ ಕಾಲದ ಯಾರೋ ಮಿಷನರಿ ತಂದ ಅದೇ ರಾಗ ಎರಡು ಪುಸ್ತಕದಲ್ಲೂ ಇತ್ತು. ಕನ್ನಡಕ್ಕೆ ಹಾಡು ಬರೆದ ಪುಣ್ಯಾತ್ಮ ಮೂರು ಪದ್ಯಕ್ಕೇ ಲೇಖನಿ ಕೆಳಗಿಟ್ಟಿದ್ದ.

"ಸುಳ್ಳು," ಎಂದರು ಜಯಪ್ರಕಾಶ್. "ಚರ್ಚಿನಲ್ಲಿ ಒಬ್ಬ ತಮಿಳು ಹಾಡಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ? ಮೂವತ್ತು ವರ್ಷ?"

"ಗೊತ್ತಾಗಲಿಲ್ಲವಲ್ಲ, ಮಾವ."

ಸಿದ್ಧಾರ್ಥ ಕೆಮ್ಮಿದ. "ತುಳಸಿ, ರೊಟ್ಟಿ ಕರಕಲಾಗ್ತಿದೆ ನೋಡು."

"ಆಗ್ಲಿ."

ಜಯಪ್ರಕಾಶ್ ತಟ್ಟೆ ಸರಿಸಿದರು. "ನೋಡಮ್ಮಾ, ಹನ್ನೆರಡು ವರ್ಷದ ಹಿಂದೆ ಮಲಯಾಳದವರು ತಿಂಗಳಿಗೊಂದು ಹಾಡು ಅಂತ ಕೇಳಿದ್ರು. ಒಂದಕ್ಕೆ ಎರಡಾಯ್ತು, ಎರಡಕ್ಕೆ ಜಗಳ ಆಯ್ತು, ಹದಿಮೂರು ಮನೆ ಬಿಟ್ಟು ಹೋಯ್ತು. ಈಗ ಉಳಿದಿರೋದು ಇಪ್ಪತ್ತಾರು. ಆರಾಧನೆ ಕನ್ನಡದಲ್ಲೇ ಅಂತ ಕಮಿಟಿ ಠರಾವು ಮಾಡಿದೆ. ಬರೆದದ್ದು ಈ ಕೈ. ಈಗ ನನ್ನ ಮನೆ ಸೊಸೆಗೊಂದು ನ್ಯಾಯ, ಊರಿಗೊಂದು ನ್ಯಾಯ ಅಂತ ಮಾಡ್ಲಾ?"

"ನಾನು ಆರಾಧನೆ ಕೇಳ್ತಿಲ್ಲ. ಒಂದು ಹಾಡು ಕೇಳ್ತಿದ್ದೇನೆ. ಅಪ್ಪಂಗೆ ಬೇರೆ ಏನೂ ಬೇಕಿರ್ಲಿಲ್ಲ."

"ಆಗೋದಿಲ್ಲ."

ಆ ಸಂಜೆ ತಟ್ಟಿದ ಅರ್ಧ ಡಜನ್ ರೊಟ್ಟಿ ಹಾಗೇ ಉಳಿದು ಬೆಳಿಗ್ಗೆ ಕೋಳಿಗಳ ಪಾಲಾಯಿತು.

ಆದರೆ ಜಯಪ್ರಕಾಶರಿಗೆ ತಮಿಳಿಗಿಂತ ಹೆಚ್ಚು ಚುಚ್ಚಿದ್ದು ತಮ್ಮ ಕಿವಿಯ ಮೇಲಿನ ಆಪಾದನೆ. ಮುಂದಿನ ಭಾನುವಾರ ಅವರು ಬೇಕೆಂದೇ ಎರಡು ಪುಸ್ತಕದಲ್ಲೂ ಇರುವ ಒಂದು ರಾಗ ಆರಿಸಿದರು. ಎರಡು ಪದ್ಯ ಜೋರಾಗಿ ಬಾರಿಸಿ, ಮೂರನೆಯದರ ನಡುವೆ ಹಾರ್ಮೋನಿಯಂ ಮೇಲಿನ ಕೈ ಥಟ್ಟನೆ ಎತ್ತಿಬಿಟ್ಟರು. ಮುಂದಿನ ಬೆಂಚಿನವರು ಪೆಟ್ಟಿಗೆ ಕೆಟ್ಟಿತೆಂದುಕೊಂಡು ಬಾಯಿ ಮುಚ್ಚಿದರು. ಹಿಂದಿನ ಬೆಂಚುಗಳಲ್ಲಿ ತೋಟದ ಆಳುಗಳಿರುವ ಲೈನ್ ಮನೆಗಳ ಒಂಬತ್ತು ಕುಟುಂಬ ಕೂರುತ್ತಿತ್ತು. ಕಣ್ಣು ಮುಚ್ಚಿ ಗಟ್ಟಿಯಾಗಿ ಹಾಡುತ್ತಿದ್ದ ಅವರಿಗೆ ಅದು ತಕ್ಷಣ ತಿಳಿಯಲಿಲ್ಲ. ಒಂದೂವರೆ ಸಾಲು ಶುದ್ಧ ತಮಿಳು ಚರ್ಚಿನ ತುಂಬ ಕೇಳಿಸಿತು. ಆಮೇಲೆ ಒಬ್ಬೊಬ್ಬರಾಗಿ ಕಣ್ಣು ಬಿಟ್ಟರು, ಒಬ್ಬೊಬ್ಬರಾಗಿ ನಿಲ್ಲಿಸಿದರು.

ಜಯಪ್ರಕಾಶ್ ಏನೂ ಆಗದವರಂತೆ ಉಳಿದ ಸಾಲು ಬಾರಿಸಿ ಮುಗಿಸಿದರು. ಕಿವಿ ಮಾತ್ರ ಕೆಂಪಾಗಿತ್ತು.

ಮನೆಯಲ್ಲಿ ಆ ಮಧ್ಯಾಹ್ನ ಹಂದಿ ಮಾಂಸದ ಸಾರು, ಕಡುಬು. ವಾರದಲ್ಲಿ ಒಂದೇ ದಿನ ಎಲ್ಲರೂ ಒಟ್ಟಿಗೆ ಕೂತು ನೆಮ್ಮದಿಯಿಂದ ಉಣ್ಣುವ ಊಟ. ಅಂದು ನೆಮ್ಮದಿ ಬಾಗಿಲ ಹೊರಗೇ ನಿಂತಿತು.

"ಒಂಬತ್ತು ಮನೆಯವರೂ!" ಎಂದರು ಜಯಪ್ರಕಾಶ್. "ಚಿನ್ನಪ್ಪ ಒಬ್ಬನಲ್ಲ, ಎಲ್ಲರೂ! ನನ್ನ ಬೆನ್ನ ಹಿಂದೆ!"

"ಬೆನ್ನ ಹಿಂದೆ ಎಂತದು, ಮುಖಕ್ಕೆ ಎದುರೇ ಅಲ್ವಾ ಹಾಡ್ತಿದ್ದದ್ದು," ಎಂದಳು ಮೋನಿಷಾ. ತುಳಸಿ ಅವಳ ತೊಡೆ ಚಿವುಟಿದಳು.

"ಇಡೀ ಸಭೆ ಮೋಸ ಹೋಗಿದೆ. ಇದನ್ನ ಕಮಿಟಿಗೆ ಹೇಳಲೇಬೇಕು."

"ಸಭೆ ಏನೂ ಮೋಸ ಹೋಗಿಲ್ಲ," ಎಂದರು ಯಮುನಮ್ಮ, ಗಂಡನ ತಟ್ಟೆಗೆ ಇನ್ನೊಂದು ಕಡುಬು ಹಾಕುತ್ತಾ. "ಎಲ್ಲರಿಗೂ ಗೊತ್ತಿತ್ತು."

"ಎಲ್ಲರಿಗೂ ಅಂದ್ರೆ?"

"ಹೆಂಗಸರಿಗೆಲ್ಲ ಗೊತ್ತು. ಗಂಡಸರಲ್ಲೂ ತುಂಬ ಜನಕ್ಕೆ ಗೊತ್ತು."

"ನಿಂಗೆ?"

"ನಾನು ಮದುವೆಯಾಗಿ ಬಂದ ವರ್ಷವೇ ಕೇಳಿಸ್ಕೊಂಡಿದ್ದೆ."

ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಆ ಗಾದೆ ತನ್ನ ಮೇಲೇ ಬಂದು ಕೂತಾಗ ಯಾವ ದೀಪಕ್ಕೂ ಸಹಿಸಲಾಗುವುದಿಲ್ಲ.

"ಮೂವತ್ತೆಂಟು ವರ್ಷ," ಎಂದರು ಜಯಪ್ರಕಾಶ್. "ಮೂವತ್ತೆಂಟು ವರ್ಷ ನನ್ನ ಜೊತೆ ಉಂಡು, ಮಲಗಿ, ಒಂದು ಮಾತು ಹೇಳ್ಲಿಲ್ಲ ನೀನು."

"ಹೇಳಿದ್ರೆ ನೀವು ಬಿಡ್ತಿದ್ರಾ? ಮಾರನೇ ವಾರವೇ ಹಿಂದಿನ ಬೆಂಚಿಗೆ ಹೋಗಿ ಒಬ್ಬೊಬ್ಬರ ಬಾಯಿ ಬಿಡಿಸಿ ನೋಡ್ತಿದ್ರಿ. ಅವ್ರು ಚರ್ಚಿಗೆ ಬರೋದೇ ನಿಲ್ಲಿಸ್ತಿದ್ರು. ಹಾಡೋದು ದೇವರಿಗೆ ತಾನೆ, ದೇವರಿಗೆ ಅರ್ಥ ಆಗ್ತದೆ ಅಂತ ಸುಮ್ಮನಿದ್ದೆ."

ಜಯಪ್ರಕಾಶ್ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಜಗಲಿಗೆ ಹೋಗಿ ಹಾಡಿನ ಪುಸ್ತಕ ತೆಗೆದು ಹುಡುಕಿ ಹುಡುಕಿ, ಅಲ್ಲಿಂದಲೇ ಒಳಗೆ ಕೇಳುವಂತೆ ಹೇಳಿದರು. "ನೂರ ಅರವತ್ತಮೂರು ರದ್ದು. ಚಿನ್ನಪ್ಪನಿಗೆ ನಲವತ್ತೊಂದು ಹಾಕ್ತೇನೆ. ಅದು ನಮ್ಮ ಕಡೆಯ ರಾಗ. ತಮಿಳಿನ ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. ಈಗ ಹಾಡ್ಲಿ ನೋಡುವ!"

ತುಳಸಿಯ ಕಣ್ಣಲ್ಲಿ ನೀರು ಬಂದದ್ದನ್ನು ಯಮುನಮ್ಮ ನೋಡಿದರು. ಅದು ದುಃಖದ ನೀರಾಗಿರಲಿಲ್ಲ, ಸಿಟ್ಟಿನದಾಗಿತ್ತು.

ಮರುದಿನದಿಂದ ಮನೆ ಎರಡು ಪಾಲಾಯಿತು. ಜಗಳ ಅಂತ ಯಾರೂ ಆಡಲಿಲ್ಲ, ಆಡಿದ್ದರೆ ಚೆನ್ನಾಗಿರುತ್ತಿತ್ತು. ತುಳಸಿ ಮಾವನಿಗೆ ಬೆಳಗಿನ ಬೆಲ್ಲದ ಕಾಫಿ ಲೋಟವನ್ನು ಕೈಗೆ ಕೊಡುವ ಬದಲು ಕಿಟಕಿಯ ಮೇಲಿಟ್ಟು ಹೋಗತೊಡಗಿದಳು. ಅದು ಆರಿದ ಮೇಲೆ ಜಯಪ್ರಕಾಶ್ ಕುಡಿದು, "ಈ ಮನೇಲಿ ಬಿಸಿ ಕಾಫಿಯೂ ರದ್ದಾಯ್ತು," ಎಂದು ಗೋಡೆಗೆ ಹೇಳುತ್ತಿದ್ದರು. ಮೋನಿಷಾಗೆ ಹಾರ್ಮೋನಿಯಂ ಪಾಠ ನಿಂತಿತು. ಸಿದ್ಧಾರ್ಥನಂತೂ ಅತ್ತ ದರಿ, ಇತ್ತ ಪುಲಿ ಎನ್ನುವ ಸ್ಥಿತಿಯಲ್ಲಿ ಕುಶಾಲನಗರದ ಬಾಡಿಗೆ ಸಿಕ್ಕಿದರೆ ಕುಣಿದು ಒಪ್ಪಿಕೊಳ್ಳುತ್ತಿದ್ದ. ಆದಷ್ಟು ಹೊತ್ತು ಮನೆಯಿಂದ ಹೊರಗಿದ್ದರೆ ಸಾಕಿತ್ತು ಅವನಿಗೆ.

"ನೀವೊಂದು ಮಾತು ಹೇಳಬಾರದಾ ಪಪ್ಪನಿಗೆ?" ಎಂದು ತುಳಸಿ ಅವನನ್ನು ಕೇಳಿದಳು.

"ಹೇಳಿದ್ರೆ ಕೇಳ್ತಾರಾ?"

"ಕೇಳಲ್ಲ. ಹೇಳಿದ್ರಿ ಅಂತ ನಂಗೊಂದು ಸಮಾಧಾನ ಇರ್ತದೆ."

ಅವನು ಪಿಕಪ್ಪಿನ ಟೈರು ಒದ್ದು ನೋಡಿದ. ಟೈರಿನಲ್ಲಿ ಗಾಳಿ ಸರಿಯಾಗೇ ಇತ್ತು.

ಆ ವಾರ ಸಭೆಯ ಕಾರ್ಯದರ್ಶಿ ದೇರಪ್ಪ ಬಂದರು. ಅಜ್ಜನ ಕಾಲದಲ್ಲೇ ಕ್ರೈಸ್ತರಾದರೂ ಹಳೆಯ ಹೆಸರನ್ನು ಬಿಟ್ಟುಕೊಡದ ಮನೆತನ ಅವರದು. ಎಂಟು ಎಕರೆ ಕಾಫಿ, ಒಂದು ಜೀಪು, ಮುಂದಿನ ಬೆಂಚಿನಲ್ಲಿ ಕಾಯಂ ಜಾಗ. ಜಗಲಿಯಲ್ಲಿ ಕೂತು ಅವರು ನೇರ ವಿಷಯಕ್ಕೆ ಬಂದರು.

"ರೈಟ್ರೇ, ಏನೋ ತಮಿಳು ಹಾಡಿನ ಸುದ್ದಿ ಕೇಳ್ತಿದ್ದೇನೆ."

"ಸುದ್ದಿ ಅಷ್ಟೇ. ನಲವತ್ತೊಂದು ಅಂತ ತೀರ್ಮಾನ ಆಗಿದೆ."

"ಒಳ್ಳೇದು. ಒಮ್ಮೆ ಲೈನಿನವರಿಗೆ ಬಾಗಿಲು ತೆಗೆದ್ರೆ ಆಮೇಲೆ ಬೆಂಚು, ಆಮೇಲೆ ಕಮಿಟಿ. ಕೂಲಿಯವರು ಇರೋ ಜಾಗದಲ್ಲಿ ಇದ್ರೇ ಚಂದ. ನೀವಾದ್ರೂ ಗಟ್ಟಿ ನಿಂತಿದ್ದೀರಲ್ಲ. ಇಲ್ದಿದ್ರೆ ನಮ್ಮಂಥ ನಾಲ್ಕು ಮನೆಯವರು ಬೇರೆ ದಾರಿ ನೋಡ್ಕೋಬೇಕಾಗ್ತಿತ್ತು."

ಕಾಫಿ ತಂದ ತುಳಸಿ ಲೋಟವನ್ನು ಅವರ ಮುಂದಿಟ್ಟು ನಿಂತಳು.

"ಕುಡೀರಿ ಅಂಕಲ್. ಲೈನಿನವಳು ಮಾಡಿದ ಕಾಫಿ. ಹೋದ ತಿಂಗಳು ನಿಮ್ಮ ಅಮ್ಮನ ಕಾಲಿನ ಹುಣ್ಣು ತೊಳೆದ ಕೈಯಲ್ಲೇ ಮಾಡಿದ್ದು."

"ತುಳಸಿ, ಒಳಗೆ ಹೋಗು," ಎಂದರು ಜಯಪ್ರಕಾಶ್.

ಅವಳು ಹೋದಳು. ದೇರಪ್ಪ ನಕ್ಕು, "ಮಾತು ಜೋರು," ಎಂದರು. ಜಯಪ್ರಕಾಶ್ ನಗಲಿಲ್ಲ. ತಾವು ಹೇಳಿದ್ದನ್ನೇ ದೇರಪ್ಪ ಹೇಳಿದ್ದರು, ತಮ್ಮ ಪರವಾಗಿಯೇ ಹೇಳಿದ್ದರು, ಆದರೂ ಆ ಮಾತು ಅವರಿಗೆ ಗಂಟಲಲ್ಲಿ ಇಳಿಯಲಿಲ್ಲ. ಕೂಲಿಯವರು ಎಂದದ್ದು ತಮ್ಮ ಮೊಮ್ಮಗಳ ತಾತನನ್ನು ಎನ್ನುವುದು ಅವರಿಗೆ ಹೊಳೆದದ್ದು ದೇರಪ್ಪನ ಜೀಪು ಗೇಟು ದಾಟಿದ ಮೇಲೆ.

ಸ್ಮರಣೆಗೆ ಎರಡು ದಿನ ಇರುವಾಗ, ಶುಕ್ರವಾರ ಸಂಜೆ, ತುಳಸಿ ಲೈನಿನಿಂದ ವಾಪಸ್ಸು ಬಂದವಳು ಸೀರೆ ಬದಲಾಯಿಸುವ ಮೊದಲೇ ಜಗಲಿಗೆ ಬಂದು ನಿಂತಳು. ಎಲ್ಲರೂ ಇದ್ದರು.

"ಭಾನುವಾರ ನಾನು ಚರ್ಚಿಗೆ ಬರೋದಿಲ್ಲ. ಅಪ್ಪನ ಗೋರಿ ಹತ್ರ ಹೋಗ್ತೇನೆ. ಅಲ್ಲೇ ಹಾಡ್ತೇವೆ, ಐದು ಪದ್ಯವನ್ನೂ. ಲೈನಿನ ಒಂಬತ್ತು ಮನೆಯವರೂ ನನ್ನ ಜೊತೆ ಬರ್ತಾರಂತೆ."

"ಬೇರೆ ಸಭೆ ಕಟ್ತೀಯಾ?" ಜಯಪ್ರಕಾಶರ ಸ್ವರ ಏರಿತು.

"ಸಭೆ ಕಟ್ಟೋದಕ್ಕೆ ನಂಗೇನು ಹುಚ್ಚಾ? ನಮಗೊಂದು ಹಾಡು ಹಾಡ್ಬೇಕು. ಚರ್ಚಿನಲ್ಲಿ ಜಾಗ ಇಲ್ಲ ಅಂದ್ರಿ. ಮಣ್ಣಿನ ಹತ್ರ ಹಾಡ್ತೇವೆ. ಅದಕ್ಕೂ ಠರಾವು ಉಂಟಾ?"

"ಒಂಬತ್ತು ಮನೆ ಹೋದ್ರೆ ಉಳಿಯೋದು ಹದಿನೇಳು! ಪಾಸ್ಟರ್ ಈಗಲೇ ಮೂರು ಚರ್ಚು ನೋಡ್ತಾರೆ. ಹದಿನೇಳು ಮನೆಗೆ ಅವ್ರು ಬರ್ತಾರಾ? ಬೀಗ ಹಾಕ್ತಾರೆ, ಗೊತ್ತುಂಟಾ ನಿಂಗೆ?"

"ಬೀಗ ನಾನು ಹಾಕ್ತಿಲ್ಲ ಮಾವ."

"ಪಪ್ಪ," ಎಂದ ಸಿದ್ಧಾರ್ಥ ಕೊನೆಗೂ. "ನಾನೂ ಗೋರಿ ಹತ್ರ ಹೋಗ್ತೇನೆ. ಅವಳನ್ನ ಒಬ್ಬಳೇ ಕಳಿಸೋದಿಲ್ಲ."

ಜಯಪ್ರಕಾಶ್ ಮಗನ ಮುಖ ನೋಡಿದರು. ಚಪ್ಪಲಿ ಹುಡುಕಿಕೊಂಡು ಗದ್ದೆಯ ಕಡೆ ಹೋದರು.

ಶನಿವಾರ ಮಧ್ಯಾಹ್ನ ಚರ್ಚು ಗುಡಿಸುವುದು ಯಮುನಮ್ಮನ ಕೆಲಸ, ನಂಬರ್ ಏರಿಸುವುದು ಅವರ ಗಂಡನದು. ಮೂವತ್ತೊಂದು ವರ್ಷದಿಂದ ಅದು ಗಂಡ ಹೆಂಡತಿ ಇಬ್ಬರೇ ಮಾಡುವ ಕೆಲಸ. ಗೋಡೆಯಲ್ಲೊಂದು ಮರದ ಹಲಗೆ, ಅದರ ಸೀಳಿನಲ್ಲಿ ತಗಡಿನ ಅಂಕಿಗಳನ್ನು ಜಾರಿಸಿ ನಿಲ್ಲಿಸಬೇಕು. ಜಯಪ್ರಕಾಶ್ ಮೊದಲ ನಾಲ್ಕು ಹಾಡಿನ ಅಂಕಿ ಹಾಕಿ, ಕೊನೆಯ ಸಾಲಿಗೆ ಬಂದು, ನಾಲ್ಕು ಮತ್ತು ಒಂದರ ತಗಡುಗಳನ್ನು ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ನಿಂತರು.

"ತೋಟದಲ್ಲಿ ಎಷ್ಟು ವರ್ಷ ಅವರ ಹೆಸರು ಕೂಗಿದ್ರಿ?" ಯಮುನಮ್ಮ ಬೆಂಚಿನಡಿ ಪೊರಕೆ ಆಡಿಸುತ್ತಲೇ ಕೇಳಿದರು.

"ಯಾರ ಹೆಸರು?"

"ಚಿನ್ನಪ್ಪನವರದ್ದು."

"ಇಪ್ಪತ್ತೆಂಟು."

"ದಿನಾ?"

"ದಿನಾ. ರಾತ್ರಿ ಕಾವಲು ಮುಗಿಸಿ ಬೆಳಿಗ್ಗೆ ಹೆಸರು ಕೊಟ್ಟೇ ಹೋಗ್ಬೇಕಿತ್ತು."

"ಅವ್ರು ಏನಂತಿದ್ರು?"

"ಏನಂತಾನೆ? ಬಂದೆ ಸಾಮಿ ಅಂತಿದ್ದ."

"ಮತ್ತೆ?"

"ಮತ್ತೆಂತ? ಚೆಕ್‌ರೋಲಿಗೆ ಇನ್ನೇನು ಬೇಕು?"

"ಅದೇ," ಎಂದರು ಯಮುನಮ್ಮ. ಸೊಂಟ ನೆಟ್ಟಗೆ ಮಾಡಿ ಪೊರಕೆ ಊರಿ ನಿಂತರು. "ಅವ್ರ ಗಂಟಲು ನಿಮಗೆ ಗೊತ್ತಿತ್ತು. ಆ ಗಂಟಲಲ್ಲಿ ಏನು ಬರ್ತಿದೆ ಅಂತ ಒಂದು ದಿನವೂ ಕೇಳಲಿಲ್ಲ. ಎಂಟು ತಿಂಗಳು ನಮ್ಮನೆ ಹಿಂದೇ ಮಲಗಿದ್ರಲ್ಲ, ಆಗಲೂ ಕೇಳಲಿಲ್ಲ."

"ನಂಗೇನು ಅವನ ಮೇಲೆ ದ್ವೇಷವಾ? ಹದಿಮೂರು ಮನೆ ಹೋದದ್ದು ನೋಡಿದವನು ನಾನು. ಈ ಬೆಂಚುಗಳು ಖಾಲಿಯಾದದ್ದನ್ನ ಇಲ್ಲಿ ಕೂತು ನೋಡಿದ್ದೇನೆ. ಒಂದು ಹಾಡು ಬಿಟ್ರೆ ಸಭೆ ಒಡೀತದೆ ಯಮುನ. ನನ್ನ ಕೈಯಿಂದ ಆಗಬಾರದು ಅಂತ ಅಷ್ಟೇ."

"ನಾಳೆ ಒಂಬತ್ತು ಮನೆ ಬರೋದಿಲ್ಲ. ನಿಮ್ಮ ಮಗ ಬರೋದಿಲ್ಲ. ಇನ್ನು ಒಡೆಯಲಿಕ್ಕೆ ಬಾಕಿ ಏನುಂಟು?"

ಅವರು ಕಸ ಎತ್ತಿ ಹೊರಗೆ ಹೋದರು. ಜಯಪ್ರಕಾಶ್ ಸ್ಟೂಲಿನ ಮೇಲೆ ಬಹಳ ಹೊತ್ತು ನಿಂತರು, ಕಾಲು ನೋಯುವ ತನಕ. ಆಮೇಲೆ ಕೈಯಲ್ಲಿದ್ದ ತಗಡುಗಳನ್ನು ಪೆಟ್ಟಿಗೆಗೆ ಹಾಕಿ ಬೇರೆ ಮೂರು ಹುಡುಕಿದರು.

ಯಮುನಮ್ಮ ಒಳಗೆ ಬಂದು ಹಲಗೆ ನೋಡಿದರು. ನೂರ ಅರವತ್ತಮೂರು.

"ಹಲಗೆ ಮೇಲೆ ನಂಬರು ಮಾತ್ರ ಇರ್ತದೆ," ಎಂದರು ಜಯಪ್ರಕಾಶ್ ಒರಟಾಗಿ. "ನಾನು ಕನ್ನಡ ಹಾಡ್ತೇನೆ. ಯಾರು ಬಾಯಲ್ಲಿ ಏನು ಹಾಡ್ತಾರೆ ಅಂತ ನಾನು ನೋಡೋದಿಲ್ಲ. ಅಷ್ಟೇ. ಇದನ್ನ ಹೋಗಿ ನಾನು ಅವಳ ಹತ್ರ ಹೇಳೋದೂ ಇಲ್ಲ, ನೀನೂ ಹೇಳಬೇಡ."

ಯಮುನಮ್ಮ ಮಾತು ಕೊಟ್ಟರು, ಉಳಿಸಿಕೊಂಡರು. ಭಾನುವಾರ ಬೆಳಿಗ್ಗೆ ತುಳಸಿ, ಸಿದ್ಧಾರ್ಥ ಇಬ್ಬರೂ ಸೇವಂತಿಗೆ ಹೂವು ಹಿಡಿದು ಗೋರಿಯ ದಾರಿ ಹಿಡಿದರು. ಅಜ್ಜ ಅಜ್ಜಿಯ ಜೊತೆ ಚರ್ಚಿಗೆ ಬಂದ ಮೋನಿಷಾ ಹಲಗೆಯನ್ನು ನೋಡಿದಳು, ಅಜ್ಜನನ್ನು ನೋಡಿದಳು. ಅಜ್ಜಿಯ ಫೋನು ಇಸಕೊಂಡು ಹಲಗೆಯದೊಂದು ಫೋಟೋ ತೆಗೆದು ಅಮ್ಮನಿಗೆ ಕಳಿಸಿದಳು. ಜೊತೆಗೆ ಒಂದಕ್ಷರವನ್ನೂ ಬರೆಯಲಿಲ್ಲ.

ಪಾಸ್ಟರ್ ಪ್ರಸಂಗ ಅರ್ಧಕ್ಕೆ ಬಂದಿದ್ದಾಗ ಹಿಂದಿನ ಬಾಗಿಲು ತೆರೆಯಿತು. ತುಳಸಿ ಮುಂದೆ, ಅವಳ ಹಿಂದೆ ಸಿದ್ಧಾರ್ಥ, ಅವನ ಹಿಂದೆ ಒಂಬತ್ತು ಮನೆಯ ಮೂವತ್ತು ಚಿಲ್ಲರೆ ಜನ. ಕಾಲಲ್ಲಿ ಗೋರಿಯ ಕೆಂಪು ಮಣ್ಣು. ಅವರು ಬೆಂಚುಗಳಲ್ಲಿ ಕೂತ ಸದ್ದು ಅಡಗುವ ತನಕ ಪಾಸ್ಟರ್ ಕಾದರು. ಯಾರ ಮುಖವನ್ನೂ ನೋಡದೆ ಮತ್ತೆ ಶುರುಮಾಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಣ ಅವರು.

ಮೊದಲ ಎರಡು ಮನೆಯವರ ಹಾಡುಗಳು ಮುಗಿದವು. "ಚಿನ್ನಪ್ಪ, ವಯಸ್ಸು ಎಪ್ಪತ್ತೊಂದು," ಎಂದು ಪಾಸ್ಟರ್ ಓದಿದರು. ಎಲ್ಲರೂ ಎದ್ದರು.

ಜಯಪ್ರಕಾಶ್ ಕನ್ನಡದಲ್ಲಿ ಎತ್ತಿಕೊಂಡರು, ಬೆಳಗಿನ ತನಕ ಕಾವಲಿರುವಾತನೇ. ಮುಂದಿನ ಬೆಂಚುಗಳು ಸೇರಿಕೊಂಡವು. ಹಿಂದಿನಿಂದ ತುಳಸಿಯ ಸ್ವರ ಬಂತು, ಯಾರ ಹೆದರಿಕೆಯೂ ಇಲ್ಲದೆ, ಅಡಗಿಸದೆ: ವಿಡಿಯುಂ ವರೈಕ್ಕುಂ ಕಾವಲ್ ಇರುಪ್ಪವರೇ. ಅವಳ ಹಿಂದೆ ಎಲ್ಲರೂ. ಎರಡು ಭಾಷೆ ಒಂದರ ಮೇಲೊಂದು ಬಿದ್ದು ಯಾವ ಪದವೂ ಸ್ಪಷ್ಟವಾಗದೆ, ರಾಗ ಮಾತ್ರ ಗಟ್ಟಿಯಾಗಿ ನಿಂತಿತು. ದೇರಪ್ಪ ಎರಡು ಸಲ ಹಿಂದೆ ತಿರುಗಿ ನೋಡಿದರು.

ಮೂರನೇ ಪದ್ಯ ಮುಗಿಯಿತು. ಜಯಪ್ರಕಾಶರ ಕೈ ತನ್ನ ಪಾಡಿಗೆ ಆಮೆನ್ ಬಾರಿಸಿತು. ಕನ್ನಡದವರು ಆಮೆನ್ ಹಾಡಿ ಪುಸ್ತಕ ಮುಚ್ಚಿ ಕೂತರು. ಹಿಂದಿನವರು ಕೂರಲಿಲ್ಲ. ತುಳಸಿ ನಾಲ್ಕನೇ ಪದ್ಯ ಎತ್ತಿಕೊಂಡಳು.

ಹಾರ್ಮೋನಿಯಂ ಇಲ್ಲದ ಆ ಹಾಡು ಬತ್ತಲೆಯಾಗಿ ಕೇಳಿಸಿತು. ಈಗ ಅದು ತಮಿಳೇ ಎನ್ನುವುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.

"ರೈಟ್ರೇ," ಎಂದರು ದೇರಪ್ಪ ಕೂತಲ್ಲಿಂದಲೇ, ಎಲ್ಲರಿಗೂ ಕೇಳುವಂತೆ. "ಹಾಡು ಮುಗೀತಲ್ಲ. ಆಮೆನ್ ಆಯ್ತಲ್ಲ."

ಜಯಪ್ರಕಾಶ್ ದೇರಪ್ಪನನ್ನು ನೋಡಿದರು. ಪುಸ್ತಕದೊಳಗೆ ಮುಖ ಹುದುಗಿಸಿದ್ದ ಪಾಸ್ಟರನ್ನು ನೋಡಿದರು. ಕೊನೆಗೆ ಎಲ್ಲರ ಹಿಂದೆ ಹೆಂಡತಿಯ ಪಕ್ಕ ಕೈ ಕಟ್ಟಿ ನಿಂತಿದ್ದ ಮಗನನ್ನು ನೋಡಿದರು. ಹೆದರಿಕೆಯಾಯಿತು ಅವರಿಗೆ. ಹನ್ನೆರಡು ವರ್ಷದ ಹಿಂದೆ ಬೆಂಚು ಖಾಲಿಯಾದಾಗ ಆಗಿದ್ದಂಥದೇ ಹೆದರಿಕೆ.

"ಮುಗಿದಿಲ್ಲ," ಎಂದರು. ಚೆಕ್‌ರೋಲಿನ ಗಂಟಲೇ. "ಇನ್ನೆರಡು ಪದ್ಯ ಉಂಟು. ಕೂತವರು ಎದ್ದು ನಿಲ್ಲಿ."

ಬೆಂಚುಗಳು ಕಿರುಗುಟ್ಟಿದವು. ಒಬ್ಬರ ಮುಖ ಒಬ್ಬರು ನೋಡುತ್ತಾ ಜನ ಎದ್ದರು. ದೇರಪ್ಪನೂ ಎದ್ದರು, ಆದರೆ ನಿಲ್ಲಲಿಕ್ಕಲ್ಲ. ಹೆಂಡತಿಗೆ ಕಣ್ಸನ್ನೆ ಮಾಡಿ ನಡುವಿನ ದಾರಿಯಲ್ಲಿ ನಡೆದು ಹೊರಗೆ ಹೋದರು. ಅವರ ಹಿಂದೆ ಇನ್ನೊಂದು ಮನೆಯವರು ಹೋದರು. ಜೀಪು ಸ್ಟಾರ್ಟ್ ಆದ ಸದ್ದು ಕೇಳಿಸಿತು. ಜಯಪ್ರಕಾಶ್ ತಿದಿ ಎಳೆದು, ತಮಗೆ ಪದ ಗೊತ್ತಿಲ್ಲದ ನಾಲ್ಕನೇ ಪದ್ಯಕ್ಕೆ ಸ್ವರ ಕೂಡಿಸಿದರು.

ಐದನೆಯದಕ್ಕೆ ಬಂದಾಗ ತುಳಸಿ ಅತ್ತುಬಿಟ್ಟಳು. ನಾಲ್ಕು ವಾರ ಮನೆಯಲ್ಲಿ, ಲೈನಿನಲ್ಲಿ, ಗೋರಿಯ ಹತ್ತಿರ ಎಲ್ಲೂ ಅಳದವಳು, ಕೇಳಿದ್ದು ಸಿಕ್ಕಿದ ಮೇಲೆ ಹಾಡಲಾರದೆ ನಿಂತಳು. ಆ ಕೊನೆಯ ಪದ್ಯ ಲೈನಿನವರಿಗೂ ಅಷ್ಟು ಬಾಯಿಪಾಠ ಇರಲಿಲ್ಲ. ಅದು ಚಿನ್ನಪ್ಪನಿಗೆ ಬರುತ್ತಿತ್ತು, ಅವನ ಮಗಳಿಗೆ ಬರುತ್ತಿತ್ತು. ಅಲ್ಲೊಂದು ಇಲ್ಲೊಂದು ಪದ ಎದ್ದು ಬಿದ್ದುಹೋಯಿತು. ಚರ್ಚಿನಲ್ಲಿ ಬರೀ ಹಾರ್ಮೋನಿಯಂ ಉಳಿಯಿತು. ಅಷ್ಟು ಜನ ನಿಂತಿದ್ದರೂ ಒಂದು ಬಾಯಿ ಇಲ್ಲ. ನಿಲ್ಲಿಸಿಬಿಡಲೇ ಎಂದು ಜಯಪ್ರಕಾಶ್ ಯೋಚಿಸಿದ್ದು ಆಗಲೇ.

ಎರಡನೇ ಬೆಂಚಿನ ತುದಿಯಿಂದ ಹೆಂಗಸಿನ ಒಂದು ಸ್ವರ ಎದ್ದಿತು. ದಪ್ಪ ಸ್ವರ, ಸ್ವಲ್ಪ ಒಡಕು. ತಮಿಳು ಪದಗಳನ್ನು ಕಲ್ಲು ದಾಟಿದ ಹಾಗೆ ಒಂದೊಂದಾಗಿ ದಾಟುತ್ತಿತ್ತು. ಜಯಪ್ರಕಾಶ್ ತಲೆ ಎತ್ತಿದರು. ಯಮುನಮ್ಮ ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡು, ಎಂಟು ತಿಂಗಳು ಹಿಂದಿನ ಕೋಣೆಯಲ್ಲಿ ಗಂಜಿಯ ಬಟ್ಟಲು ಹಿಡಿದು ಕೂತು ಚಿನ್ನಪ್ಪನ ಬಾಯಿಂದ ಕೇಳಿಸಿಕೊಂಡದ್ದನ್ನು ಹಾಡುತ್ತಿದ್ದರು.

ಪದಗಳಲ್ಲಿ ಅರ್ಧಕ್ಕರ್ಧ ತಪ್ಪಿತ್ತು ಎಂದು ಆಮೇಲೆ ತಮಿಳಿನವರು ಹೇಳಿದರು. ಸ್ವರ ಎಲ್ಲೂ ತಪ್ಪಿರಲಿಲ್ಲ. ಗಂಡ ಅವರ ಮುಖ ನೋಡುತ್ತಾ, ಅವರು ಎಲ್ಲಿ ನಿಧಾನಿಸಿದರೋ ಅಲ್ಲಿ ನಿಧಾನಿಸಿ, ಕೊನೆಯ ಸಾಲಿನವರೆಗೂ ಬಾರಿಸಿದರು.